ಬೋಧಿಧರ್ಮ ಕುಂಗ್‌ಫೂ ಕಲಿಸಿದ್ದು ನಿಜಾನಾ?

ವೀಕ್ಷಕರೇ, ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಯೋಗ ದಿನದ ವಿಶೇಷ ಕಾರ್ಯಕ್ರಮ. ಸ್ಟುಡಿಯೋದಲ್ಲಿ ಇಬ್ಬರು ಅತಿಥಿಗಳು. ಮಾತಿನ ಭರ ನೋಡಿ, ಅದು ಬಹಳ ಕೆಟ್ಟದ್ದು. ಎದುರಿಗೆ ಕ್ಯಾಮೆರಾ, ಕಿವಿಯಲ್ಲಿ ಪ್ರೊಡ್ಯೂಸರ್ ದನಿ, ಬ್ರೇಕಿಗೆ ಹೋಗೋಕೆ ಇನ್ನು ಮೂವತ್ತು ಸೆಕೆಂಡು. ಒಂದು ಗಟ್ಟಿ ಮಾತು ಹೇಳಿ ಬ್ರೇಕ್ ತಗೋಬೇಕು. ಹೇಳಿಬಿಟ್ಟೆ. 'ಇವತ್ತು ಜಗತ್ತೇ ಬೆರಗಾಗಿ ನೋಡೋ ಚೀನಾದ ಕುಂಗ್‌ಫೂ ಯಾರದ್ದು ಗೊತ್ತಾ? ನಮ್ಮದು! ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮ ಶಾವೊಲಿನ್ ಮಠದ ಸನ್ಯಾಸಿಗಳಿಗೆ ಕಲಿಸಿಕೊಟ್ಟಿದ್ದು!' ಅತಿಥಿಗಳು ತಲೆಯಾಡಿಸಿದರು. ಬ್ರೇಕ್.

ಆ ತುಣುಕು ಯಾವ ಪರಿ ಓಡಿತು ಅಂದ್ರೆ, ರಾತ್ರಿ ಮನೆ ಸೇರೋ ಹೊತ್ತಿಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಿಗೂ ಬಂದಿತ್ತು.

ಹತ್ತು ದಿನ ಆದಮೇಲೆ ಕಚೇರಿಗೆ ಒಂದು ಪೋಸ್ಟ್ ಕಾರ್ಡ್ ಬಂತು. ಕಾರ್ಡ್ ಬರೆಯೋರು ಇನ್ನೂ ಇದ್ದಾರೆ ನೋಡಿ. ಮಲೆನಾಡಿನ ಕಡೆಯ ನಿವೃತ್ತ ಹೈಸ್ಕೂಲು ಮೇಷ್ಟ್ರು. ದುಂಡನೆಯ ಅಕ್ಷರ, ಮೂರೇ ಸಾಲು. 'ಮಾನ್ಯರೇ, ಬೋಧಿಧರ್ಮನ ವಿಷಯದಲ್ಲಿ ತಾವು ಹೇಳಿದ್ದಕ್ಕೆ ಆಧಾರ ಯಾವುದು? ಯಾವ ಶಾಸನ, ಯಾವ ಗ್ರಂಥ, ಯಾವ ಕಾಲದ್ದು? ದಯಮಾಡಿ ತಿಳಿಸುವುದು.'

ಬೈದಿದ್ದರೆ ಪಕ್ಕಕ್ಕಿಡಬಹುದಿತ್ತು. ಬೈಸಿಕೊಳ್ಳೋದು ನಮಗೆ ಅಭ್ಯಾಸ. ಆದರೆ ಅವರು ಆಧಾರ ಕೇಳಿದ್ದರು. ನನ್ನ ಹತ್ರ ಇದ್ದ ಆಧಾರ ಏನು ಹಾಗಾದ್ರೆ? 2011ರಲ್ಲಿ ಬಂದ 'ಏಳಾಂ ಅರಿವು' ಅನ್ನೋ ತಮಿಳು ಸಿನಿಮಾ. ಅದರಲ್ಲಿ ಸೂರ್ಯ ಬೋಧಿಧರ್ಮನಾಗಿದ್ದರು, ಪಲ್ಲವ ರಾಜಕುಮಾರ, ಚೀನಾಕ್ಕೆ ಹೋಗಿ ಯುದ್ಧವಿದ್ಯೆ ಕಲಿಸ್ತಾರೆ. ಅದು ಬಿಟ್ಟರೆ ಎಲ್ಲೋ ಓದಿದ್ದು, ಯಾರೋ ಹೇಳಿದ್ದು. ಅಷ್ಟೇ. ಮೇಷ್ಟ್ರಿಗೆ 'ಸೂರ್ಯ ಆ್ಯಕ್ಟ್ ಮಾಡಿದ್ದಾರೆ ಸಾರ್' ಅಂತ ಬರೆಯೋಕಾಗುತ್ತಾ?

ಹುಡುಕೋಕೆ ಕೂತೆ. ಸಿಕ್ಕಿದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಮೊದಲು ಆ ಮಠ. ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಸಾಂಗ್‌ಶಾನ್ ಅಂತ ಒಂದು ಬೆಟ್ಟಸಾಲು. ಅದರ ಒಂದು ಭಾಗಕ್ಕೆ ಶಾವೊಶಿ ಅಂತ ಹೆಸರು. ಆ ಬೆಟ್ಟದ ಕಾಡಿನಲ್ಲಿರೋ ಮಠ ಆದ್ದರಿಂದ ಅದು ಶಾವೊಲಿನ್. ಕಟ್ಟಿಸಿದ್ದು ಕ್ರಿ.ಶ. 495ರ ಆಸುಪಾಸಿನಲ್ಲಿ, ಉತ್ತರ ವೇಯಿ ವಂಶದ ಚಕ್ರವರ್ತಿ ಶಿಯಾವೊವೆನ್. ಯಾರಿಗೋಸ್ಕರ? ಭಾರತದಿಂದ ಬಂದ ಒಬ್ಬ ಸನ್ಯಾಸಿಗೋಸ್ಕರ! ಖುಷಿ ಆಯ್ತಲ್ವಾ? ನನಗೂ ಆಯ್ತು. ಆದರೆ ಆ ಸನ್ಯಾಸಿ ಬೋಧಿಧರ್ಮ ಅಲ್ಲ. ಚೀನೀಯರು ಅವನನ್ನು ಬಾತುವೊ ಅಂತ ಕರೀತಾರೆ. ಧ್ಯಾನ ಹೇಳಿಕೊಡ್ತಿದ್ದವನು. ನಮ್ಮವನೇ ಆದ ಈ ಬಾತುವೊನ ಮೇಲೆ ಇದುವರೆಗೂ ಯಾರೂ ಸಿನಿಮಾ ಮಾಡಿಲ್ಲ, ಪಾಪ.

ಹಾಗಾದ್ರೆ ಬೋಧಿಧರ್ಮ? ಅವನ ಹೆಸರು ಮೊದಲ ಬಾರಿ ಬರೋದು 547ರಲ್ಲಿ, ಯಾಂಗ್ ಶುವಾನ್‌ಜಿ ಅನ್ನೋ ಅಧಿಕಾರಿ ಲುವೊಯಾಂಗ್ ನಗರದ ಬೌದ್ಧ ಮಠಗಳ ಬಗ್ಗೆ ಬರೆದ ಪುಸ್ತಕದಲ್ಲಿ. ಅಲ್ಲಿ ಅವನು ಏನು ಮಾಡ್ತಾನೆ ಗೊತ್ತಾ? ಒಂದು ಗೋಪುರ ನೋಡ್ತಾನೆ. ಅಷ್ಟೇ. ಯೋಂಗ್‌ನಿಂಗ್ ಮಠದ ಎತ್ತರದ ಗೋಪುರ ಬಿಸಿಲಲ್ಲಿ ಹೊಳೆಯೋದನ್ನ ಕಂಡು ಬೆರಗಾಗಿ, ನನಗೆ ನೂರೈವತ್ತು ವರ್ಷ, ಇಂಥದ್ದನ್ನ ಎಲ್ಲೂ ನೋಡಿಲ್ಲ ಅಂತಾನೆ. ಕೈಮುಗಿದು ದಿನಗಟ್ಟಲೆ 'ನಮೋ' ಅಂತ ಜಪಿಸ್ತಾನೆ. ಇನ್ನೊಂದು ಮಾತು, ಆ ಪುಸ್ತಕದ ಪ್ರಕಾರ ಅವನು ಬಂದಿದ್ದು ಪರ್ಷಿಯಾ ಕಡೆಯಿಂದ. ದಕ್ಷಿಣ ಭಾರತದ ರಾಜನ ಮೂರನೇ ಮಗ ಅನ್ನೋ ಮಾತೂ ಹಳೆಯದೇ, ತಾನ್‌ಲಿನ್ ಅನ್ನೋ ಸನ್ಯಾಸಿಯ ಬರಹದಲ್ಲಿದೆ. 645ರಲ್ಲಿ ದಾವೊಶುವಾನ್ ಬರೆದ ಸನ್ಯಾಸಿಗಳ ಚರಿತ್ರೆಯಲ್ಲೂ ಅವನು ದಕ್ಷಿಣ ಭಾರತದ ಬ್ರಾಹ್ಮಣ. ಇರಲಿ, ನಮ್ಮವನೇ ಅಂತ ಇಟ್ಕೊಳ್ಳೋಣ. ಆದರೆ ಇವರ್ಯಾರೂ ಅವನನ್ನು ಶಾವೊಲಿನ್‌ನಲ್ಲಿ ಕೂರಿಸೋದಿಲ್ಲ. ಆ ನಂಟು ಬರಹದಲ್ಲಿ ಕಾಣೋದು ಎಂಟನೇ ಶತಮಾನದ ಮೊದಲಲ್ಲಿ, ಅವನು ಸತ್ತು ಸುಮಾರು ಇನ್ನೂರು ವರ್ಷ ಆದಮೇಲೆ. ಆಗಲೂ ಅವನು ಧ್ಯಾನದ ಗುರು. ಮುಷ್ಟಿ ಎತ್ತಿದ್ದು, ಕಾಲು ಬೀಸಿದ್ದು ಎಲ್ಲೂ ಇಲ್ಲ.

ಶಾವೊಲಿನ್ ಸನ್ಯಾಸಿಗಳು ಹೊಡೆದಾಡಿದ್ದು ಮಾತ್ರ ಸುಳ್ಳಲ್ಲ. ಅದಕ್ಕೆ ಶಾಸನವೇ ಇದೆ. ಮೇಷ್ಟ್ರು ಕೇಳಿದ ಹಾಗೆ, ಕಲ್ಲಿನ ಮೇಲೆ ಕೆತ್ತಿದ ಶಾಸನ, 728ರದ್ದು. ಈಗಲೂ ಮಠದಲ್ಲಿದೆ. ಅದನ್ನ ಓದಿದರೆ ಕಥೆಯ ಬೇರು ಎಲ್ಲಿದೆ ಗೊತ್ತಾಗುತ್ತೆ. ಜಮೀನಿನಲ್ಲಿ!

ನಮ್ಮೂರುಗಳಲ್ಲಿ ಮಠಕ್ಕೆ, ದೇವಸ್ಥಾನಕ್ಕೆ ಇನಾಂ ಜಮೀನು ಅಂತ ಇರ್ತಿತ್ತಲ್ಲ, ಹಾಗೇ ಶಾವೊಲಿನ್‌ಗೂ ಸುಯಿ ವಂಶದ ಚಕ್ರವರ್ತಿ ವೆನ್ ದೊಡ್ಡ ಭೂಮಿ ದಾನ ಕೊಟ್ಟಿದ್ದ. ಸೈಪ್ರೆಸ್ ಮರಗಳ ಕಣಿವೆ, ನೂರು ಚಿಂಗ್, ಅಂದ್ರೆ ಸುಮಾರು 1,400 ಎಕರೆ. ಭೂಮಿ ಇದ್ದಲ್ಲಿ ಧಾನ್ಯ, ಧಾನ್ಯ ಇದ್ದಲ್ಲಿ ಕಳ್ಳರು. ಸುಯಿ ವಂಶ ಕುಸಿದು ದೇಶಕ್ಕೆ ದೇಶವೇ ಅರಾಜಕತೆಗೆ ಬಿದ್ದಾಗ ದರೋಡೆಕೋರರು ಮಠಕ್ಕೆ ನುಗ್ಗಿ ಬೆಂಕಿ ಇಟ್ಟರು. ಸನ್ಯಾಸಿಗಳು ಎದುರು ನಿಂತರು. ಜಪಮಾಲೆ ಹಿಡಿದ ಕೈಗೆ ಕೋಲು ಬಂದದ್ದು ಹೀಗೆ. ಗುರು ಬಂದು ಕಲಿಸಿದ್ದಲ್ಲ, ಗತಿಯಿಲ್ಲದೆ ಹಿಡಿದದ್ದು.

ಆಮೇಲೆ ದೊಡ್ಡವರ ಜಗಳ. ಸಿಂಹಾಸನಕ್ಕೆ ಇಬ್ಬರು ಪೈಪೋಟಿ ನಡೆಸ್ತಿದ್ದರು. ಒಂದು ಕಡೆ ಲುವೊಯಾಂಗ್‌ನಲ್ಲಿ ಕೂತು ತಾನೇ ಚಕ್ರವರ್ತಿ ಅಂತ ಘೋಷಿಸಿಕೊಂಡ ವಾಂಗ್ ಶಿಚೊಂಗ್. ಇನ್ನೊಂದು ಕಡೆ ಹೊಸ ತಾಂಗ್ ವಂಶದ ರಾಜಕುಮಾರ ಲಿ ಶಿಮಿನ್. ಮಠದ ಆ ಕಣಿವೆ ಲುವೊಯಾಂಗ್‌ಗೆ ಹೋಗೋ ದಾರಿಯ ಆಯಕಟ್ಟಿನ ಜಾಗ. ವಾಂಗ್ ಅದನ್ನ ಕಿತ್ತುಕೊಂಡು ಅಲ್ಲಿ ತನ್ನ ಸೈನ್ಯ ಇಟ್ಟ, ಅಣ್ಣನ ಮಗನೋ ತಮ್ಮನ ಮಗನೋ ವಾಂಗ್ ರೆನ್‌ಜೆಯನ್ನ ಉಸ್ತುವಾರಿಗೆ ಕೂರಿಸಿದ. ಸನ್ಯಾಸಿಗಳು ಲೆಕ್ಕ ಹಾಕಿದರು. ಗೆಲ್ಲೋನು ಯಾರು? 621ರಲ್ಲಿ ಅವರು ಆ ಪಡೆಯ ಮೇಲೆ ಬಿದ್ದು, ವಾಂಗ್ ರೆನ್‌ಜೆಯನ್ನ ಹಿಡಿದು ಲಿ ಶಿಮಿನ್‌ಗೆ ಒಪ್ಪಿಸಿದರು. ಹದಿಮೂರು ಸನ್ಯಾಸಿಗಳ ಹೆಸರು ಮಠದ ದಾಖಲೆಯಲ್ಲಿದೆ. ಒಬ್ಬ, ತಾನ್‌ಜೊಂಗ್ ಅನ್ನೋನು, ಸೇನಾಪತಿ ಪದವಿಯನ್ನೂ ತಗೊಂಡ.

ಲಿ ಶಿಮಿನ್ ಗೆದ್ದ. ಮಠಕ್ಕೆ ಧನ್ಯವಾದದ ಪತ್ರ ಬರೆದ. ಆದರೆ ಜಮೀನು? ವೀಕ್ಷಕರೇ, ಸರ್ಕಾರಿ ಕಚೇರಿ ಅನ್ನೋದು ಆಗಲೂ ಕಚೇರಿಯೇ. ಶತ್ರುವಿನ ಪ್ರದೇಶದಲ್ಲಿದ್ದ ಮಠ ಅಂತ ಅನುಮಾನ ಬಂದು ಜಮೀನು ಕೈತಪ್ಪಿತು. ಸನ್ಯಾಸಿಗಳು ಅರ್ಜಿ ಹಾಕಿದರು, ಸಾಕ್ಷಿ ಒದಗಿಸಿದರು, ಅಲೆದರು. ಕೆಲವು ವರ್ಷ ಬಿಟ್ಟು 40 ಚಿಂಗ್ ವಾಪಸ್ ಬಂತು, ಸುಮಾರು 560 ಎಕರೆ, ಜೊತೆಗೊಂದು ನೀರಿನ ಗಿರಣಿ. ನೂರು ವರ್ಷ ಆದಮೇಲೆ ಆ ಪತ್ರ, ಆದೇಶ ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತಿಸಿದರು. ಲಿ ಶಿಮಿನ್ ಕೈಬರಹದ ಸಹಿಯ ಸಮೇತ. ಯಾಕೆ? ವೀರಗಾಥೆಗೆ ಅಂತ ನಾವು ಅಂದ್ಕೋತೀವಿ. ನನಗನ್ನಿಸೋದು, ಅದು ಪಹಣಿ. ಮುಂದೆ ಯಾರಾದ್ರೂ ಜಮೀನಿಗೆ ಕೈ ಹಾಕಿದರೆ ತೋರಿಸೋಕೆ ಇಟ್ಟುಕೊಂಡ ಪಹಣಿ.

ಆ ಶಾಸನ ಬೋಧಿಧರ್ಮನಿಗೆ ಯುದ್ಧವಿದ್ಯೆಯ ಕೀರ್ತಿ ಕೊಡೋದಿಲ್ಲ. ಮಠದಲ್ಲಿ ಇಂಥ ವರಸೆ ಕಲಿಸ್ತಿದ್ದರು ಅಂತಲೂ ಹೇಳೋದಿಲ್ಲ. ಸನ್ಯಾಸಿಗಳು ಕಾದಾಡಿದರು, ಗೆದ್ದರು, ಇಷ್ಟೇ.

ಈ ಲಿ ಶಿಮಿನ್ ನಿಮಗೆ ಪರಿಚಯದವನೇ. ಮುಂದೆ ತಾಯ್‌ಜೊಂಗ್ ಚಕ್ರವರ್ತಿ ಆದ. ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯ ನೋಡಿ ಬರೆದಿಟ್ಟನಲ್ಲ ಹ್ಯೂಯೆನ್ ತ್ಸಾಂಗ್, ಅವನು 645ರಲ್ಲಿ ಚೀನಾಕ್ಕೆ ಮರಳಿದಾಗ ಬರಮಾಡಿಕೊಂಡವನು ಇವನೇ. ಹ್ಯೂಯೆನ್ ತ್ಸಾಂಗ್ ಆಗ ಒಂದು ಕೋರಿಕೆ ಇಟ್ಟ. ಭಾರತದಿಂದ ತಂದ ಗ್ರಂಥಗಳನ್ನ ಶಾವೊಲಿನ್ ಮಠದಲ್ಲಿ ಕೂತು ಅನುವಾದ ಮಾಡ್ತೀನಿ, ಅಪ್ಪಣೆ ಕೊಡಿ. ಚಕ್ರವರ್ತಿ ಬೇಡ ಅಂದ, ರಾಜಧಾನಿಯಲ್ಲೇ ಇರಿ ಅಂದ. ಬಾದಾಮಿಯ ದೊರೆಯ ಶೌರ್ಯವನ್ನ ಬರೆದ ಮನುಷ್ಯ ಶಾವೊಲಿನ್‌ನಲ್ಲಿ ಕೂರಬೇಕು ಅಂತ ಬಯಸಿದ್ದು ಯುದ್ಧ ಕಲಿಯೋಕಲ್ಲ, ಬರೆಯೋಕೆ, ಶಾಂತವಾದ ಜಾಗ ಅಂತ. ಈ ವಿಷಯ ಓದಿದ ದಿನ ನಾನು ಒಂದು ಕಾಫಿ ಹೆಚ್ಚಿಗೆ ಕುಡಿದೆ.

ಮುಂದೆ ಸುಮಾರು ಒಂಬೈನೂರು ವರ್ಷ ದಾಟಿ ಬನ್ನಿ. ಮಿಂಗ್ ವಂಶದ ಕಾಲ. ಶಾವೊಲಿನ್ 'ವಿದ್ಯೆ' ಅಂತ ಒಂದು ಇದೆ ಅಂತ ಪುರಾವೆ ಸಿಗೋದು ಇಲ್ಲಿ. ಅದೂ ಏನು, ನೀವು ಸಿನಿಮಾದಲ್ಲಿ ನೋಡೋ ಮುಷ್ಟಿಕಾಳಗ ಅಲ್ಲ. ಕೋಲು. ಬರೀ ಕೋಲು. 1553ರಲ್ಲಿ ಕರಾವಳಿಯನ್ನ ಕಡಲ್ಗಳ್ಳರು ಸೂರೆ ಮಾಡ್ತಿದ್ದಾಗ ಸರ್ಕಾರ ಸನ್ಯಾಸಿಗಳ ಪಡೆ ಕಟ್ಟಿತು. ಶಾವೊಲಿನ್‌ನವರೂ ಇದ್ದರು, ಬೇರೆ ಮಠದವರೂ ಇದ್ದರು. ವೆಂಗ್‌ಜಿಯಾಗಾಂಗ್ ಅನ್ನೋ ಕಡೆ ಸುಮಾರು ನೂರಿಪ್ಪತ್ತು ಸನ್ಯಾಸಿಗಳು ಕಡಲ್ಗಳ್ಳರನ್ನ ಅಟ್ಟಾಡಿಸಿ ನೂರಕ್ಕೂ ಹೆಚ್ಚು ಜನರನ್ನ ಕೊಂದರು. ತಮ್ಮ ಕಡೆ ಸತ್ತವರು ನಾಲ್ಕೇ ಜನ. ಅಹಿಂಸೆಯ ಪಾಠ ಏನಾಯ್ತು ಅಂತ ಕೇಳಬೇಡಿ. ಆ ಪ್ರಶ್ನೆ ಅವರಿಗೂ ಇತ್ತು, ಅದಕ್ಕೊಂದು ಉತ್ತರವನ್ನೂ ಹುಡುಕಿಕೊಂಡಿದ್ದರು, ಹೇಳ್ತೀನಿ.

ಅದಕ್ಕೂ ಮೊದಲು ಸೇನಾಪತಿ ಯು ದಾಯೂ ಕಥೆ ಕೇಳಿ. ಮಿಂಗ್ ಸೈನ್ಯದ ಹೆಸರಾಂತ ದಂಡನಾಯಕ, ಕೋಲಿನ ವಿದ್ಯೆಯ ಬಗ್ಗೆ ಪುಸ್ತಕ ಬರೆದವನು. 1561ರಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೋಗ್ತಾ ದಾರಿಯಲ್ಲಿ ಶಾವೊಲಿನ್‌ಗೆ ಬಂದ. ಇಷ್ಟು ಕೇಳಿದ್ದೀನಿ, ನಿಮ್ಮ ಕೋಲಾಟ ತೋರಿಸಿ ಅಂದ. ತೋರಿಸಿದರು. ನೋಡಿ ನಿರಾಸೆ ಆಯ್ತು. ಇದರ ಒಳಗುಟ್ಟು ನಿಮ್ಮಿಂದ ತಪ್ಪಿಹೋಗಿದೆ ಅಂತ ಮುಖಕ್ಕೇ ಹೇಳಿದ. ಸನ್ಯಾಸಿಗಳು ಸಿಟ್ಟಾಗಲಿಲ್ಲ, ಹಾಗಾದ್ರೆ ಕಲಿಸಿ ಅಂದರು. ಅವನು ಜೊಂಗ್‌ಚಿಂಗ್, ಪುತ್ಸೊಂಗ್ ಅನ್ನೋ ಇಬ್ಬರು ಯುವ ಸನ್ಯಾಸಿಗಳನ್ನ ಸೈನ್ಯದ ಜೊತೆಗೇ ಕರ್ಕೊಂಡು ಹೋಗಿ ಮೂರು ವರ್ಷ ಕಲಿಸಿ ಕಳಿಸಿದ. ಶಾವೊಲಿನ್‌ಗೆ ವಿದ್ಯೆ ಹೊರಗಿನಿಂದ ಬಂದದ್ದಕ್ಕೆ ಹೆಸರು, ಊರು, ವರ್ಷ ಸಮೇತ ದಾಖಲೆ ಬೇಕಾ? ಇಗೋ ಇದು. ಆದರೆ ಬಂದದ್ದು ಭಾರತದಿಂದ ಅಲ್ಲ, ಅವರದೇ ಸೈನ್ಯದಿಂದ.

ಅಂದ್ರೆ ಅದು ಒಂದೇ ಬಾವಿಯ ನೀರಲ್ಲ. ಸೈನಿಕರು, ರೈತರು, ಅಲೆಮಾರಿಗಳು, ಸನ್ಯಾಸಿಗಳು ಒಬ್ಬರಿಂದ ಒಬ್ಬರು ಕಲಿತರು. ಚೆಂಗ್ ಜೊಂಗ್ಯೂ ಅನ್ನೋ ಉಳ್ಳವರ ಮನೆಯ ಹುಡುಗ ಮಠದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಲಿತು, ಶಾವೊಲಿನ್ ಕೋಲಿನ ಬಗ್ಗೆ ಚಿತ್ರ ಸಮೇತ ಕೈಪಿಡಿ ಬರೆದ. ಸುಮಾರು 1610ರಲ್ಲಿ. ಶಾವೊಲಿನ್ ವಿದ್ಯೆಯ ಮೇಲೆ ನಮಗೆ ಸಿಗೋ ಅತಿ ಹಳೆಯ ಕೈಪಿಡಿ ಅದು. ಅಲ್ಲಿ ಅವನು ಈ ವಿದ್ಯೆಯ ಮೂಲ ಯಾರು ಅಂತ ಹೇಳ್ತಾನೆ. ಬೋಧಿಧರ್ಮ ಅಂತಾನಾ? ಇಲ್ಲ. ಕಿನ್ನರ ಅಂತಾನೆ!

ಹೌದು, ನಮ್ಮ ಯಕ್ಷ ಕಿನ್ನರ ಗಂಧರ್ವರಲ್ಲಿ ಬರೋ ಅದೇ ಕಿನ್ನರ. ಚೀನೀ ಬಾಯಲ್ಲಿ 'ಜಿನ್ನಾಲೊ'. ಆ ಕೋಲಿನ ವರಸೆಗೆ ಹೆಸರು 'ಯೆಚಾ', ಅಂದ್ರೆ ಯಕ್ಷ. ಇದನ್ನ ಓದಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. 1517ರಲ್ಲಿ ಮಠದಲ್ಲಿ ನಿಲ್ಲಿಸಿದ ಕಲ್ಲಿನಲ್ಲಿ ಆ ಕಥೆ ಇದೆ. ಹದಿನಾಲ್ಕನೇ ಶತಮಾನದಲ್ಲಿ ಕೆಂಪು ಪೇಟದ ಬಂಡುಕೋರರು ಮಠಕ್ಕೆ ಮುತ್ತಿಗೆ ಹಾಕಿದರಂತೆ. ಎಲ್ಲರೂ ನಡುಗುತ್ತಿರುವಾಗ ಅಡುಗೆಮನೆಯಿಂದ ಒಬ್ಬ ಆಳು ಹೊರಗೆ ಬಂದ. ಕೈಯಲ್ಲಿ ಒಲೆ ಕೆದಕೋ ಕೋಲು. ನೋಡ್ತಾ ನೋಡ್ತಾ ಆಕಾಶದೆತ್ತರ ಬೆಳೆದ, ನಾನು ಕಿನ್ನರರ ರಾಜ ಅಂದ. ಬಂಡುಕೋರರು ಓಟ ಕಿತ್ತರು. ಅಲ್ಲಿಂದ ಮುಂದೆ ಅವನೇ ಮಠದ ಕಾವಲು ದೇವರು. ನಮ್ಮಲ್ಲಿ ಕಿನ್ನರ ಅಂದ್ರೆ ಸಂಗೀತ. ಕಿನ್ನರಿ ನುಡಿಸಿಕೊಂಡು ಊರೂರು ಅಲೆಯೋ ಕಿನ್ನರಿ ಜೋಗಿಗಳು ನಮ್ಮ ಹಳ್ಳಿಗಳಲ್ಲಿ ಇದ್ದರು. ಅದೇ ಕಿನ್ನರ ಹಿಮಾಲಯದ ಆಚೆ ಹೋಗಿ ಒಲೆಕೋಲು ಹಿಡಿದಿದ್ದಾನೆ!

ನಿಜವಾಗಿ ಆವತ್ತು ಏನಾಗಿತ್ತು ಅಂದ್ರೆ, ದಾಳಿಗೆ ಮಠ ಹಾಳಾಗಿತ್ತು, ಸನ್ಯಾಸಿಗಳು ಜೀವ ಉಳಿಸಿಕೊಳ್ಳೋಕೆ ಓಡಿಹೋಗಿದ್ದರು. ಸೋಲನ್ನ ಕಥೆ ಗೆಲುವು ಮಾಡಿತು.

ಇದಕ್ಕಿಂತ ಹಳೆಯ ಇನ್ನೊಂದು ನಂಟೂ ಇದೆ. ಬುದ್ಧನ ಅಂಗರಕ್ಷಕ ವಜ್ರಪಾಣಿ. ಬಾತುವೊನ ಶಿಷ್ಯ ಸೆಂಗ್‌ಚೌ ಅಂತ ಒಬ್ಬನಿದ್ದ. ಅವನು ಹುಡುಗನಾಗಿದ್ದಾಗ ಬಡಕಲು, ಬೇರೆ ಹುಡುಗರು ಕುಸ್ತಿ ಆಡಿ ಇವನನ್ನ ಗೋಳು ಹುಯ್ಕೊಳ್ತಿದ್ದರು. ಹೋಗಿ ವಜ್ರಪಾಣಿಯ ಕಾಲು ಹಿಡಿದ. ಆರು ದಿನ ಬಿಡಲಿಲ್ಲ. ದೇವರು ಪ್ರತ್ಯಕ್ಷ ಆಗಿ ಒಂದು ಬೋಗುಣಿ ತುಂಬ ಮಾಂಸದ ಸ್ನಾಯು ತಂದು, ತಿನ್ನು, ಶಕ್ತಿ ಬರುತ್ತೆ ಅಂದ. ಸನ್ಯಾಸಿ, ಮಾಂಸ ತಿನ್ನೋ ಹಾಗಿಲ್ಲ ಅಂದ ಹುಡುಗ. ದೇವರು ವಜ್ರಾಯುಧ ಎತ್ತಿ ಹೆದರಿಸಿದ. ತಿಂದ. ಇದು ತಾಂಗ್ ಕಾಲದಲ್ಲೇ ಬರೆದಿಟ್ಟ ಕಥೆ. ಅಹಿಂಸೆಯ ಪ್ರಶ್ನೆಗೆ ಉತ್ತರ ಇದೆ ಅಂದೆನಲ್ಲ, ಇದೇ ಅದು. ದೇವರೇ ಆಯುಧ ಹಿಡಿದಿದ್ದಾನೆ, ದೇವರೇ ತಿನ್ನು ಅಂದಿದ್ದಾನೆ, ನಾವೇನು ಮಾಡೋಣ?

ಈಗ ಮುಖ್ಯ ಪ್ರಶ್ನೆ. ಕಿನ್ನರ ಇದ್ದ ಜಾಗಕ್ಕೆ ಬೋಧಿಧರ್ಮ ಬಂದದ್ದು ಯಾವಾಗ?

1624. ಒಂದು ಪುಸ್ತಕ ಬರೆಯಲಾಗುತ್ತೆ. ಹೆಸರು 'ಯಿಜಿನ್ ಜಿಂಗ್', ಸ್ನಾಯುಗಳನ್ನ ಬದಲಿಸೋ ಶಾಸ್ತ್ರ ಅಂತ ಅರ್ಥ. ಬರೆದವನು ಬೌದ್ಧನೂ ಅಲ್ಲ, ದಾವೊ ಪಂಥದ ಹೆಸರಿಟ್ಟುಕೊಂಡಿದ್ದ ಒಬ್ಬ ಸಾಧಕ. ತನ್ನ ಪುಸ್ತಕಕ್ಕೆ ತೂಕ ಬರಲಿ ಅಂತ ಅವನು ಎರಡು ಮುನ್ನುಡಿ ಸೃಷ್ಟಿ ಮಾಡಿದ. ಒಂದು 628ರಲ್ಲಿ ತಾಂಗ್ ಸೇನಾಪತಿ ಲಿ ಜಿಂಗ್ ಬರೆದದ್ದು ಅಂತ. ಇನ್ನೊಂದು 1142ರಲ್ಲಿ ಸೊಂಗ್ ಕಾಲದ ವೀರ ನಿಯು ಗಾವೊ ಬರೆದದ್ದು ಅಂತ. ಮುನ್ನುಡಿಯ ಕಥೆ ಹೀಗೆ: ಬೋಧಿಧರ್ಮ ಶಾವೊಲಿನ್‌ನಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಬಿಟ್ಟುಹೋದ, ಅದರಲ್ಲಿ ಎರಡು ಗ್ರಂಥ ಇತ್ತು, ಒಂದು ಕಳೆದುಹೋಯ್ತು, ಉಳಿದದ್ದು ಇದು.

ಸುಳ್ಳು ಹೇಳೋನಿಗೆ ನೆನಪು ಚೆನ್ನಾಗಿರಬೇಕು ಅಂತಾರೆ. ಈ ಮನುಷ್ಯನಿಗೆ ಇರಲಿಲ್ಲ. ಲಿ ಜಿಂಗ್ ತನಗೆ ಈ ಗ್ರಂಥ 'ಗಡ್ಡದ ವೀರ'ನಿಂದ ಸಿಕ್ಕಿತು ಅಂತಾನೆ. ಆ ಗಡ್ಡದ ವೀರ ಯಾರು? ಒಂದು ಕಥೆಯ ಪಾತ್ರ! ಎರಡು ಮೂರು ಶತಮಾನ ಆದಮೇಲೆ ಯಾರೋ ಬರೆದ ಕಥೆ. ನಾಳೆ ಯಾರಾದ್ರೂ ಬಂದು, ಈ ತಾಳೆಗರಿ ನಮ್ಮ ತಾತನಿಗೆ ಸಂಪತ್ತಿಗೆ ಸವಾಲ್ ಸಿನಿಮಾದ ಭದ್ರ ಕೊಟ್ಟಿದ್ದು ಅಂದ ಹಾಗೆ. ನಿಯು ಗಾವೊ ಮುನ್ನುಡಿ ಇನ್ನೂ ಚೆನ್ನಾಗಿದೆ. ನಾನು ಸೈನಿಕ, ಒಂದಕ್ಷರ ಓದೋಕೆ ಬರೋದಿಲ್ಲ ಅಂತ ಅದರಲ್ಲೇ ಇದೆ. ಓದೋಕೆ ಬಾರದವನು ಬರೆದ ಮುನ್ನುಡಿ! ಹದಿನೆಂಟನೇ ಶತಮಾನದ ಚೀನೀ ವಿದ್ವಾಂಸ ಲಿಂಗ್ ತಿಂಗ್‌ಕಾನ್ ಇದೆಲ್ಲ ಓದಿ ನಕ್ಕುಬಿಟ್ಟಿದ್ದ.

ಇನ್ನೊಂದು ಸೂಕ್ಷ್ಮ ನೋಡಿ. ಈ ನಕಲಿ ಪುಸ್ತಕ ಕೂಡ ಬೋಧಿಧರ್ಮ ಕುಂಗ್‌ಫೂ ಕಲಿಸಿದ ಅನ್ನೋದಿಲ್ಲ. ಅದರಲ್ಲಿರೋದು ಉಸಿರಾಟ, ಮೈ ತಿಕ್ಕೋದು, ಕಲ್ಲು ತುಂಬಿದ ಚೀಲದಿಂದ ಮೈಗೆ ಬಡಿದು ಗಟ್ಟಿ ಮಾಡೋದು. ಮೂಲದಲ್ಲಿ ದಾವೊ ಪಂಥದ ಅಂಗಸಾಧನೆ. ಮಿಂಗ್ ವಂಶ 1644ರಲ್ಲಿ ಬಿದ್ದುಹೋದ ಆ ಕಾಲಘಟ್ಟದಲ್ಲಿ ಇಂಥ ಸಾಧನೆ, ಉಸಿರು ಮತ್ತು ಬರಿಗೈ ವರಸೆ ಒಂದಕ್ಕೊಂದು ಹೆಣೆದುಕೊಂಡವು. ನಾವು ಇವತ್ತು ಕುಂಗ್‌ಫೂ ಅನ್ನೋದು ಹುಟ್ಟಿದ್ದು ಆ ಹೆಣಿಗೆಯಲ್ಲಿ. ಬರಿಗೈ ಕಾಳಗ ಯುದ್ಧಭೂಮಿಗೆ ಉಪಯೋಗ ಇಲ್ಲ, ಮೈ ಪಳಗಿಸೋಕೆ ಒಳ್ಳೆಯದು ಅಂತ ಮಿಂಗ್ ದಂಡನಾಯಕ ಚಿ ಜಿಗುವಾಂಗ್ 1560ರಲ್ಲೇ ಬರೆದಿದ್ದ. ಕತ್ತಿ ಬಂದೂಕಿನ ಎದುರು ಮುಷ್ಟಿ ಏನು ಮಾಡೀತು? ಆದರೂ ಅದು ಗೆದ್ದಿತು. ಯಾಕಂದ್ರೆ ಅದು ಬರೀ ಹೊಡೆದಾಟ ಆಗಿ ಉಳಿಯಲಿಲ್ಲ, ಆರೋಗ್ಯವೂ ಆಯ್ತು, ಸಾಧನೆಯೂ ಆಯ್ತು.

ಹರಡಿದ್ದು ಹೇಗೆ? ಇದರಲ್ಲಿ ರಾಜಕೀಯ ಬಹಳ ಇದೆ. ಮಂಚು ದೊರೆಗಳ ಆಳ್ವಿಕೆಯಲ್ಲಿ ದಕ್ಷಿಣ ಚೀನಾದಲ್ಲಿ ಗುಪ್ತ ಸಂಘಗಳು ಹುಟ್ಟಿಕೊಂಡವು. ಅವರ ಕಥೆಯಲ್ಲಿ ಶಾವೊಲಿನ್ ಸನ್ಯಾಸಿಗಳು ಚಕ್ರವರ್ತಿಗೆ ಯುದ್ಧ ಗೆದ್ದುಕೊಟ್ಟರು, ಅವನು ದ್ರೋಹ ಮಾಡಿ ಮಠ ಸುಟ್ಟ, ಐದು ಜನ ತಪ್ಪಿಸಿಕೊಂಡರು. ಆ ಐದು ಜನರೇ ನಮ್ಮ ಮೂಲಪುರುಷರು ಅಂತ ಸಂಘಗಳು ಹೇಳಿಕೊಂಡವು. ದಕ್ಷಿಣದ ಹುಂಗ್ ಗಾರ್, ವಿಂಗ್ ಚುನ್ ಶೈಲಿಯವರೂ ತಮ್ಮ ಬೇರನ್ನ ಇದೇ ಸುಟ್ಟ ಮಠಕ್ಕೆ ಕಟ್ಟಿದರು. ಕ್ಯಾಂಟನ್, ಫುಜಿಯಾನ್ ಕಡೆಯ ಜನ ಕೂಲಿಗೆ, ವ್ಯಾಪಾರಕ್ಕೆ ಮಲಯ, ಸಿಂಗಪುರ ಅಂತ ಹೋದರು, ವಿದ್ಯೆ ಅವರ ಗಂಟಿನಲ್ಲಿ ಹೋಯ್ತು. ಓಕಿನಾವಾ ದ್ವೀಪಕ್ಕೆ ಹೋಯ್ತು. ಕರಾಟೆಯ ಹಳೆಯ ಬರಹರೂಪಕ್ಕೆ 'ತಾಂಗ್ ಕೈ', ಅಂದ್ರೆ ಚೀನಾದ ಕೈ ಅಂತ ಅರ್ಥ ಇತ್ತು, ಆಮೇಲೆ 'ಬರಿಗೈ' ಅಂತ ಮಾಡಿಕೊಂಡರು. ಜಪಾನಿಯರು 'ಶೊರಿಂಜಿ' ಅನ್ನೋದು ಶಾವೊಲಿನ್ ಮಠವನ್ನೇ.

ಬೋಧಿಧರ್ಮನ ಕಥೆಗೆ ರೆಕ್ಕೆ ಬಂದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಧಾರಾವಾಹಿಯಾಗಿ ಬಂದ 'ಲಾವೊ ತ್ಸಾನ್‌ನ ಪ್ರಯಾಣ' ಅನ್ನೋ ಜನಪ್ರಿಯ ಕಾದಂಬರಿಯಲ್ಲಿ ಅವನು ಮುಷ್ಟಿವಿದ್ಯೆಯ ಗುರುವಾದ. 1915ರಲ್ಲಿ ಶಾವೊಲಿನ್ ರಹಸ್ಯಗಳು ಅಂತ ಒಂದು ಪುಸ್ತಕ ಬಂದು ಮನೆಮಾತಾಯ್ತು. ಕಾದಂಬರಿಯಿಂದ ಕೈಪಿಡಿಗೆ, ಕೈಪಿಡಿಯಿಂದ ಜಗತ್ತಿಗೆ. ಇದು ಅಪ್ಪಟ ಸುಳ್ಳು ಅಂತ ದಾಖಲೆ ಹಿಡಿದು ತೋರಿಸಿದವನು ತಾಂಗ್ ಹಾವೊ ಅನ್ನೋ ಚೀನೀ ಇತಿಹಾಸಕಾರ, 1930ರಲ್ಲಿ. ಸ್ವತಃ ಯುದ್ಧಕಲೆ ಬಲ್ಲವನು. ಅವನಿಗೆ ಸಿಕ್ಕ ಸನ್ಮಾನ ಏನು? ಅವನದೇ ಸಂಸ್ಥೆಯ ಕೆಲವರು ಹೊಂಚು ಹಾಕಿ ಹೊಡೆಯೋಕೆ ಸಂಚು ಮಾಡಿದರು. ಒಬ್ಬ ಹಿರಿಯ ಪಟು ನಡುವೆ ಬಂದು ತಪ್ಪಿಸಿದ. ನಮ್ಮ ಕಾಲದಲ್ಲಿ ಟ್ರೋಲ್ ಮಾಡಿ ಬಿಡ್ತಾರೆ, ನಾವೇ ಪುಣ್ಯವಂತರು.

ಹಾಗಾದ್ರೆ ನೋಡಿ ತಮಾಷೆ. ಚೀನಾದ ಒಬ್ಬ ಸಾಧಕ ಹುಟ್ಟಿಸಿದ ಸುಳ್ಳು, ಚೀನಾದ ಕಾದಂಬರಿಕಾರ ಬೆಳೆಸಿದ ಸುಳ್ಳು, ಚೀನಾದ ವಿದ್ವಾಂಸರೇ ಬಯಲು ಮಾಡಿದ ಸುಳ್ಳು. ಅದನ್ನ ನಾವು ಇಲ್ಲಿ ಭಾರತದ ಹೆಮ್ಮೆ ಅಂತ ಎದೆ ತಟ್ಟಿಕೊಂಡು ಹೇಳ್ತಿದ್ದೀವಿ. ನಾನೂ ಸೇರಿ.

ಫೋಟೋ ಪುರಾವೆ ಕಳಿಸೋರೂ ಇದ್ದಾರೆ. ಮಠದ ಒಂದು ಗೋಡೆಯಲ್ಲಿ ಕಪ್ಪು ಮೈಬಣ್ಣದ ಸನ್ಯಾಸಿಗಳು ಬಿಳಿ ಮೈಬಣ್ಣದವರ ಜೊತೆ ಕಾದಾಡ್ತಿರೋ ಚಿತ್ರ. ನೋಡಿ ಸಾರ್, ನಮ್ಮವರು ಕಲಿಸ್ತಿದ್ದಾರೆ ಅಂತ. ಚಿತ್ರ ನಿಜ. ಬಿಳಿವಸ್ತ್ರ ದೇವತೆಯ ಗುಡಿಯ ಗೋಡೆಯದ್ದು. ಆದರೆ ಬಿಡಿಸಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಬೋಧಿಧರ್ಮ ಹೋಗಿ ಸಾವಿರದ ಮುನ್ನೂರು ವರ್ಷ ಆಗಿತ್ತು. ಕಳರಿಯಿಂದ ಹೋಯ್ತು ಅಂತಾರೆ. ಕಳರಿಪಯಟ್ಟು ಈಗಿನ ರೂಪಕ್ಕೆ ಬಂದದ್ದು ಹನ್ನೊಂದು, ಹನ್ನೆರಡನೇ ಶತಮಾನದ ಸುಮಾರಿಗೆ ಅಂತ ವಿದ್ವಾಂಸರು ಲೆಕ್ಕ ಹಾಕ್ತಾರೆ. ಮೊಮ್ಮಗ ತಾತನಿಗೆ ಪಾಠ ಹೇಳಿದ ಹಾಗಾಗುತ್ತೆ. ಹೆಮ್ಮೆಗೆ ನಮಗೇನು ಬರಗಾಲವಾ? ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಮಾನಸೋಲ್ಲಾಸ ಬರೆಸಿದ. ಅದರಲ್ಲಿ ಮಲ್ಲವಿನೋದ ಅಂತ ಒಂದು ಭಾಗ ಇದೆ, ಪೈಲ್ವಾನರ ದರ್ಜೆ, ಊಟ, ಸಾಮು ಎಲ್ಲ ವಿವರವಾಗಿ. ಅದನ್ನ ಯಾರೂ ಫಾರ್ವರ್ಡ್ ಮಾಡೋದಿಲ್ಲ.

ಮಠದ ಮುಂದಿನ ಕಥೆ ನೋವಿನದ್ದು. 1928ರಲ್ಲಿ ಶಿ ಯೂಸಾನ್ ಅನ್ನೋ ಯುದ್ಧಕೋರ ದಂಡನಾಯಕ ಶಾವೊಲಿನ್‌ಗೆ ಬೆಂಕಿ ಇಟ್ಟ. ಮುಖ್ಯ ಕಟ್ಟಡಗಳು, ಗ್ರಂಥಭಂಡಾರ ಬೂದಿಯಾದವು. ಸಾಂಸ್ಕೃತಿಕ ಕ್ರಾಂತಿಯ ಹೊತ್ತಿಗೆ ಬೆರಳೆಣಿಕೆಯ ಮುದಿ ಸನ್ಯಾಸಿಗಳು ಉಳಿದಿದ್ದರು. ಎಬ್ಬಿಸಿ ಕೂರಿಸಿದ್ದು ಮತ್ತೆ ಸಿನಿಮಾ. 1973ರ ಬ್ರೂಸ್ ಲೀ 'ಎಂಟರ್ ದ ಡ್ರ್ಯಾಗನ್' ನಾಯಕ ಶಾವೊಲಿನ್‌ನವನು. ನಮ್ಮೂರಿನ ಸಲೂನಿನಲ್ಲಿ ಅಣ್ಣಾವ್ರ ಫೋಟೋ ಪಕ್ಕದಲ್ಲೇ ಬ್ರೂಸ್ ಲೀ ಇರ್ತಿದ್ದ, ನಾನೇ ನೋಡಿದ್ದೀನಿ. 1982ರಲ್ಲಿ 'ಶಾವೊಲಿನ್ ಟೆಂಪಲ್' ಬಂತು, ಜೆಟ್ ಲೀ ಮೊದಲ ಚಿತ್ರ. ಕಥೆ ಯಾವುದು? ಅದೇ ಹದಿಮೂರು ಸನ್ಯಾಸಿಗಳದ್ದು, ಲಿ ಶಿಮಿನ್‌ದು. ಜನ ಹುಚ್ಚೆದ್ದು ಮಠಕ್ಕೆ ಬಂದರು. ಇವತ್ತು ಡೆಂಗ್‌ಫೆಂಗ್ ಊರಿನ ತಾಗೌ ಶಾಲೆ ಒಂದರಲ್ಲೇ ಮೂವತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಬೆಳಗಾಗೋ ಮುಂಚೆ ಮೈದಾನದಲ್ಲಿ ಸಾಲಾಗಿ ನಿಂತಿರ್ತಾರೆ. ಅವರಲ್ಲಿ ಬಹಳಷ್ಟು ಮಂದಿಗೆ ಸನ್ಯಾಸ ಬೇಕಿಲ್ಲ. ಪೊಲೀಸು, ಸೈನ್ಯ, ಸೆಕ್ಯುರಿಟಿ ಕೆಲಸ, ಅದೃಷ್ಟ ಇದ್ದರೆ ಸಿನಿಮಾ. 621ರಲ್ಲೂ ವಿಷಯ ಹೊಟ್ಟೆಪಾಡಿನದ್ದೇ ಆಗಿತ್ತು.

ಮೇಷ್ಟ್ರಿಗೆ ನಾಲ್ಕು ಪುಟ ಉತ್ತರ ಬರೆದೆ. ಆಧಾರ ಇಲ್ಲ, ತಪ್ಪಾಯ್ತು ಅಂತಲೇ ಶುರು ಮಾಡಿ, ಕಿನ್ನರನ ಕಥೆಯನ್ನೂ ಬರೆದೆ. ಕಾರ್ಯಕ್ರಮದಲ್ಲೂ ನಲವತ್ತು ಸೆಕೆಂಡು ತಗೊಂಡು ತಿದ್ದುಪಡಿ ಹೇಳಿದೆ. ಆ ತುಣುಕನ್ನ ನೂರು ಜನವೂ ನೋಡಿದ ಹಾಗಿಲ್ಲ. ಹಳೆಯದು ಇನ್ನೂ ಓಡ್ತಾ ಇದೆ. ಮೊನ್ನೆ ಯುಗಾದಿಗೆ ನಮ್ಮ ಭಾವನೇ ನನಗೆ ಅದನ್ನ ಕಳಿಸಿದರು, ಕೆಳಗೆ ಬರೆದಿದ್ದರು, 'ಸೂಪರ್, ಎಂಥಾ ವಿಷಯ ಹೇಳಿದ್ದೀರಿ!'